ಬಿಂಕದಕಟ್ಟಿ ಝೂದಿಂದ ದರೋಜಿ ಕರಡಿಗಳವರೆಗೆ

ಝೂ ಅಂದರೆ ಮೈಸೂರು, ಇಲ್ಲಾ ಬನ್ನೇರುಘಟ್ಟ. ನಮ್ಮ ಹುಬ್ಬಳ್ಳಿ ಕಡೆಯ ಮಕ್ಕಳೂ ಹಾಗೇ ಅಂದುಕೊಂಡಿರುತ್ತಾರೆ. ಗದಗದ ಪಕ್ಕದಲ್ಲೇ ಒಂದು ಝೂ ಇದೆ, ಅದು 1972ರಿಂದ ಇದೆ ಅಂತ ಹೇಳಿದರೆ ಎಷ್ಟೋ ಜನ ‘ಹೌದಾ?’ ಅಂತ ಕೇಳುತ್ತಾರೆ. ಈ ಸಲದ ಡಿಸೆಂಬರ್ ರಜೆಗೆ ಮಗಳು ಝೂ ನೋಡಬೇಕು ಅಂದಾಗ ನಾನು ಬಿಂಕದಕಟ್ಟಿಯನ್ನೇ ಹಿಡಿದೆ. ಅಲ್ಲಿಗೇ ನಿಲ್ಲಿಸಬಾರದು ಅಂತಲೂ ಅನ್ನಿಸಿತು. ಜಾಳಿಗೆಯ ಆಚೆ ನೋಡಿದ ಪ್ರಾಣಿ ನಿಜವಾಗಿ ಬದುಕುವ ನೆಲ ಎಲ್ಲಿದೆ ಅನ್ನುವುದನ್ನೂ ಅವಳು ನೋಡಲಿ ಅಂತ ಆಸೆ. ಆ ನೆಲ ದೂರವೇನೂ ಇಲ್ಲ. ಮಾಗಡಿ ಕೆರೆ, ಕಪ್ಪತಗುಡ್ಡ, ಆಮೇಲೆ ಹೊಸಪೇಟೆ ಕಡೆ ಹೊರಳಿದರೆ ದರೋಜಿ. ತಮ್ಮ ಕಾರು ತಂದ. ಅವ್ವನೂ ಹೊರಟಳು. ಅವಳ ತವರು ರೋಣ ತಾಲ್ಲೂಕಿನ ಒಂದು ಹಳ್ಳಿ. ಈ ಸೀಮೆಯ ಎರೆ ಹೊಲಗಳನ್ನು ನೋಡುತ್ತಲೇ ಬೆಳೆದವಳು ಅವಳು.

ಮೊದಲ ದಿನ: ಬಿಂಕದಕಟ್ಟಿ

ಎಳ್ಳಮಾಸಿ ಮುಗಿದು ವಾರವೂ ಆಗಿರಲಿಲ್ಲ. ಡಬ್ಬಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಎಲ್ಲ ಇದ್ದವು. ಹುಬ್ಬಳ್ಳಿ ದಾಟಿದ ಮೇಲೆ ದಾರಿಯ ಎರಡೂ ಕಡೆ ಕಡಲೆ, ಬಿಳಿಜೋಳ, ನಡುನಡುವೆ ಕುಸುಬೆ. ಅಣ್ಣಿಗೇರಿಯಲ್ಲಿ ಚಹಾ ಕುಡಿದೆವು. ಗದಗ ಇನ್ನೇನು ಬಂತು ಅನ್ನುವಾಗ ಹೆದ್ದಾರಿ ಪಕ್ಕದಲ್ಲೇ ಝೂ.

ದೊಡ್ಡದಲ್ಲ, ಸುಮಾರು ನಲವತ್ತು ಎಕರೆ. ನಮ್ಮ ರಾಜ್ಯದ ಮೃಗಾಲಯ ಪ್ರಾಧಿಕಾರದ ಕೈಯಲ್ಲಿರುವ ಒಂಬತ್ತು ಝೂಗಳಲ್ಲಿ ಇದೂ ಒಂದು. ಮೈಸೂರಿನಂತೆ ಇದಕ್ಕೆ ಅರಸರ ಕಾಲದ ಇತಿಹಾಸ ಇಲ್ಲ. ಆದರೆ ಬೇವು, ಹೊಂಗೆ, ಆಲದ ನೆರಳು ಚೆನ್ನಾಗಿದೆ. ಅವ್ವನ ಮೊಣಕಾಲಿಗೆ ಇಷ್ಟು ಜಾಗ ಹಿತವಾಗಿತ್ತು. ಒಂದೊಂದು ಬೋನಿನ ಮುಂದೆ ಬೇಕಾದಷ್ಟು ಹೊತ್ತು ನಿಂತರೂ ಯಾರೂ ‘ಮುಂದ ನಡ್ರಿ’ ಅನ್ನುವವರಿಲ್ಲ. ನಾನು ಸಣ್ಣ ಝೂಗಳ ಪಕ್ಷಪಾತಿ ಆಗಿರುವುದು ಮುಖ್ಯವಾಗಿ ಇದಕ್ಕೇ. ದೊಡ್ಡ ಝೂಗಳಲ್ಲಿ ಜನ ಕಾಲಿನ ಮೇಲೆ ಕಣ್ಣಿಟ್ಟು ನಡೆಯುತ್ತಾರೆ. ಜಿರಾಫೆ ಆಯಿತು, ಆನೆ ಆಯಿತು, ಇನ್ನು ಎಷ್ಟು ಉಳಿದಿದೆ ಅನ್ನುವುದೇ ಯೋಚನೆ. ಇಲ್ಲಿ ಎಣಿಸುವ ಗಡಿಬಿಡಿ ಇರುವುದಿಲ್ಲ. ನಿಂತು ನೋಡಿದರೆ ಮಾತ್ರ ಪ್ರಾಣಿ ಕಣ್ಣಿಗೆ ಬೀಳುತ್ತದೆ.

ಮಗಳು ಮೊದಲು ಓಡಿದ್ದು ಹುಲಿ ಹತ್ತಿರ. ಹುಲಿ ನೆರಳಿಗೆ ಒರಗಿ ಮಲಗಿತ್ತು. ಹೊಟ್ಟೆ ಏರಿಳಿಯುವುದು ಕಾಣುತ್ತಿತ್ತು, ಬಾಲದ ತುದಿ ಆಗಾಗ ನೆಲಕ್ಕೆ ಬಡಿಯುತ್ತಿತ್ತು, ಅಷ್ಟೇ. ಹುಲಿ, ಸಿಂಹಗಳು ಹಗಲು ಮಲಗುವ ಪ್ರಾಣಿಗಳು. ಕಾಡಿನಲ್ಲೂ ದಿನದ ಬಹುಪಾಲು ನಿದ್ದೆಯೇ. ಪಕ್ಕದಲ್ಲಿ ನಿಂತಿದ್ದ ಹುಡುಗರ ಗುಂಪು ‘ಏಯ್, ಏಳ್ಲೇ’ ಅಂತ ಕೂಗಿತು. ಒಬ್ಬ ಸಿಳ್ಳೆ ಹೊಡೆದ. ಕಾವಲಿನವರು ಬಂದು ಗದರಿದ ಮೇಲೆ ಸುಮ್ಮನಾದರು. ಮಲಗಿರುವ ಪ್ರಾಣಿಯನ್ನು ಎಬ್ಬಿಸಲು ನಾವು ಟಿಕೆಟ್ ತೆಗೆದುಕೊಂಡಿಲ್ಲ. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆತರಬೇಕು. ಗೇಟಿನ ಬೋರ್ಡ್ ಓದಿ ಯಾರೂ ಕಲಿಯುವುದಿಲ್ಲ.

ಹುಲಿ ಹತ್ತಿರ ಎಲ್ಲರೂ ನಿಲ್ಲುತ್ತಾರೆ, ಚಿಗರಿ, ಅಂದರೆ ಕೃಷ್ಣಮೃಗದ ಹತ್ತಿರ ಯಾರೂ ನಿಲ್ಲುವುದಿಲ್ಲ. ನನಗೆ ಇದು ಬಹಳ ಬೇಜಾರು ತರುವ ಸಂಗತಿ. ಕೃಷ್ಣಮೃಗ ನಮ್ಮ ಭಾಗದ ಪ್ರಾಣಿ. ರೋಣ, ಯಲಬುರ್ಗಾ, ಕುಕನೂರು ಕಡೆ ಎರೆ ಹೊಲಗಳಲ್ಲಿ ಇವತ್ತಿಗೂ ಹಿಂಡು ಹಿಂಡಾಗಿ ಓಡಾಡುತ್ತವೆ. ರಾಣೆಬೆನ್ನೂರಿನಲ್ಲಿ ಇವುಗಳಿಗಾಗಿಯೇ ಒಂದು ಅಭಯಾರಣ್ಯ ಇದೆ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿಗೆ ಇದರದೇ ಹೆಸರು ಇಟ್ಟಿದ್ದಾರೆ. ಮಗಳು ಚಿಗರಿ ಬಸ್ ಹತ್ತಿದ್ದಾಳೆ, ಚಿಗರಿ ನೋಡಿರಲಿಲ್ಲ.

ಅಲ್ಲಿ ನಾವು ಬಹಳ ಹೊತ್ತು ನಿಂತೆವು. ಒಂದು ಬಲಿತ ಗಂಡು ಜಾಳಿಗೆಯ ಹತ್ತಿರಕ್ಕೇ ಬಂದಿತ್ತು. ಬೆನ್ನು ಕಡುಗಪ್ಪು, ಹೊಟ್ಟೆ ಬೆಳ್ಳಗೆ, ಎರಡರ ನಡುವಿನ ಗೆರೆ ಗೀಚಿದಷ್ಟು ನೇರ. ಕಣ್ಣಿನ ಸುತ್ತ ಬಿಳಿ ಬಳೆ. ಕೊಂಬು ತಿರುಚಿಕೊಂಡು ಮೇಲಕ್ಕೆ ಹೋಗಿ ತುದಿಯಲ್ಲಿ ಅಗಲವಾಗಿದ್ದವು. ಬುಡದಲ್ಲಿ ಉಂಗುರ ಉಂಗುರವಾಗಿ ಗೀರುಗಳಿದ್ದವು. ಕಣ್ಣಿನ ಮೂಲೆಯ ಕೆಳಗೆ ಒಂದು ಸಣ್ಣ ಸೀಳು. ಅಲ್ಲೊಂದು ಗ್ರಂಥಿ ಇದೆ. ಗಂಡು ಅದನ್ನು ಕಡ್ಡಿಗೆ, ಗಿಡದ ತುದಿಗೆ ಒತ್ತಿ ತನ್ನ ವಾಸನೆ ಹಚ್ಚುತ್ತದೆ. ಇದು ನನ್ನ ಜಾಗ ಅಂತ ಉಳಿದ ಗಂಡುಗಳಿಗೆ ತಿಳಿಸುವ ರೀತಿ ಅದು. ನಾವು ನೋಡುತ್ತಿದ್ದಾಗಲೇ ಅದು ಒಣ ರೆಂಬೆಯ ತುದಿಯೊಂದನ್ನು ಆ ಸೀಳಿಗೆ ಮೆಲ್ಲಗೆ, ಕಣ್ಣಿಗೆ ತಾಕದಂತೆ ಹಿಡಿದುಕೊಂಡು ಉಜ್ಜಿತು. ಮಗಳು ಉಸಿರು ಬಿಗಿಹಿಡಿದು ನೋಡಿದಳು. ಹೆಣ್ಣುಗಳು ಕಂದು ಬಣ್ಣದವು, ಕೊಂಬಿಲ್ಲ, ಆಚೆ ಮೇವು ತಿನ್ನುತ್ತಿದ್ದವು.

‘ನಮ್ಮೂರಾಗ ಇವು ಕಡ್ಲಿ ಹೊಲಕ್ಕ ಬಂದ್ರ ನಿಮ್ಮಜ್ಜ ಡಬ್ಬಿ ಬಾರಿಸಿ ಓಡಸ್ತಿದ್ದ. ಹೊಡೀತಿರ್ಲಿಲ್ಲ ಮತ್ತ’ ಅಂದಳು ಅವ್ವ.

‘ಯಾಕ ಆಯಿ? ಬೆಳಿ ತಿಂತಿದ್ವಲ್ಲ?’

‘ತಿಂತಿದ್ವು. ಆದ್ರ ಅವು ನಮಗಿಂತ ಮೊದಲ ಇದ್ದುವು.’

ಹೊಲಕ್ಕೆ ನಷ್ಟ ಆಗುವುದು ಸುಳ್ಳಲ್ಲ. ಕೊಪ್ಪಳ, ಗದಗ ಜಿಲ್ಲೆಗಳ ರೈತರು ಚಿಗರಿ ಕಾಟಕ್ಕೆ ಪರಿಹಾರ ಕೇಳುತ್ತಲೇ ಇದ್ದಾರೆ, ಅದು ನ್ಯಾಯವೂ ಹೌದು. ಆದರೂ ಬಡಿದು ಓಡಿಸದೆ ಇಷ್ಟು ಕಾಲ ಜೊತೆಯಲ್ಲಿ ಬಾಳಿದ್ದಾರೆ. ಅಂಥ ಪ್ರಾಣಿಯ ಮುಂದಿನ ಬೋರ್ಡಿನಲ್ಲಿ ಹೆಸರು, ತೂಕ, ಆಯಸ್ಸು ಇದ್ದರೆ ಸಾಲದು. ‘ಇಲ್ಲಿಂದ ಇಷ್ಟು ದೂರದ ಹೊಲಗಳಲ್ಲಿ ಇವು ಈಗಲೂ ಇವೆ’ ಅಂತ ಒಂದು ಸಾಲು ಬರೆದರೆ ಮಕ್ಕಳು ನಿಂತು ನೋಡುತ್ತಾರೆ. ಊರ ಝೂಗೆ ಇದನ್ನು ಹೇಳುವ ಹಕ್ಕು ಜಾಸ್ತಿ ಇದೆ, ಅಲ್ವಾ? ಮೈಸೂರಿನಲ್ಲಿ ನಿಂತು ಎರೆ ಹೊಲದ ಕಥೆ ಹೇಳಲು ಆಗುವುದಿಲ್ಲ.

ಅಲ್ಲಿದ್ದ ಪ್ರಾಣಿ ಪಾಲಕರೊಬ್ಬರನ್ನು ತಮ್ಮ ಮಾತಿಗೆ ಎಳೆದ. 2025ರ ನವೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿ ಝೂದಲ್ಲಿ 31 ಕೃಷ್ಣಮೃಗಗಳು ಕೆಲವೇ ದಿನಗಳಲ್ಲಿ ಸತ್ತ ಸುದ್ದಿ ಎಲ್ಲರ ಮನಸ್ಸಿನಲ್ಲೂ ಇತ್ತು. ದನ ಎಮ್ಮೆಗಳಿಗೆ ಬರುವ ಗಳಲೆ ರೋಗದ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ‘ಆ ಸುದ್ದಿ ಕೇಳಿದಾಗಿಂದ ದಿನಾ ಮುಂಜಾನೆ ಬಂದ ಕೂಡ್ಲೇ ಮೊದಲ ಇವನ್ನ ನೋಡ್ತೀನ್ರೀ’ ಅಂದರು ಅವರು. ಚಿಗರಿ ಬಹಳ ಅಂಜುಬುರುಕ ಪ್ರಾಣಿ. ಹಿಡಿದು, ಕಟ್ಟಿ, ಸೂಜಿ ಚುಚ್ಚಲು ಹೋದರೆ ಗಾಬರಿಯಲ್ಲೇ ಜೀವ ಬಿಡಬಹುದು. ಹಾಗಾಗಿ ದನಗಳಂತೆ ಇವುಗಳಿಗೆ ಚಿಕಿತ್ಸೆ ಕೊಡುವುದು ಸುಲಭವಲ್ಲ. ನೀರು, ಮೇವು, ಲದ್ದಿ ನೋಡಿಯೇ ಆರೋಗ್ಯ ಅಂದಾಜು ಮಾಡಬೇಕು. ಅವರು ನೆಲದ ಮೇಲಿನ ಹಿಕ್ಕೆಗಳನ್ನು ತೋರಿಸಿ ‘ಇವು ಬಿಡಿಬಿಡಿ ಇದ್ರ ಚಿಂತಿ ಇಲ್ಲ’ ಅಂತ ಮಗಳಿಗೆ ವಿವರಿಸಿದರು.

ಚಿರತೆ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಮಲಗಿತ್ತು. ಮೊಸಳೆಗಳು ಬಾಯಿ ತೆರೆದು ಬಿಸಿಲು ಕಾಯಿಸುತ್ತಿದ್ದವು. ಬಾಯಿ ತೆರೆದದ್ದು ಸಿಟ್ಟಿಗಲ್ಲ, ಮೈ ಬಿಸಿ ಹದ ಮಾಡಿಕೊಳ್ಳಲು. ನವಿಲು, ಗಿಳಿಗಳನ್ನು ಬೇಗ ನೋಡಿ ಮುಂದೆ ಹೋದೆವು.

ಮುಳ್ಳಹಂದಿ ಹತ್ತಿರ ಮತ್ತೆ ನಿಂತೆವು. ರಾತ್ರಿ ಓಡಾಡುವ ಪ್ರಾಣಿ, ಹಗಲಲ್ಲಿ ಮೂಲೆ ಸೇರಿರುತ್ತದೆ. ನಮ್ಮ ಅದೃಷ್ಟಕ್ಕೆ ಪಾಲಕರು ಗೆಣಸು, ಗಜ್ಜರಿ ಹಾಕಲು ಬಂದಿದ್ದರು. ಎರಡು ಹೊರಬಂದವು. ಒಂದು ಮುಂಗಾಲಿನಿಂದ ಗೆಣಸನ್ನು ನೆಲಕ್ಕೆ ಒತ್ತಿ ಹಿಡಿದು ಕಿತ್ತಳೆ ಬಣ್ಣದ ಹಲ್ಲಿನಿಂದ ಕರಕರ ಕೊರೆಯತೊಡಗಿತು. ಇನ್ನೊಂದು ಹತ್ತಿರ ಬಂದದ್ದೇ ಬೆನ್ನಿನ ಮುಳ್ಳೆಲ್ಲ ಎದ್ದು ನಿಂತವು. ಬಾಲ ಅಲ್ಲಾಡಿಸಿತು. ಬಾಲದ ಮುಳ್ಳುಗಳು ಒಳಗೆ ಪೊಳ್ಳು, ತುದಿ ತೆರೆದಿರುತ್ತದೆ. ಒಣ ಶೇಂಗಾ ಬುಟ್ಟಿಯಲ್ಲಿ ಕುಲುಕಿದಂತೆ ಸದ್ದು ಬಂತು.

‘ಹಿಂದ ಸರೀರಿ, ಬಾಣದಂಗ ಬಿಡ್ತೈತಿ’ ಅಂದಳು ಅವ್ವ.

‘ಬಿಡೂದಿಲ್ರೀ ಅಮ್ಮಾರ’ ಅಂದರು ಪಾಲಕರು. ‘ಎಲ್ಲಾರೂ ಹಂಗ ಹೇಳ್ತಾರ. ಅದು ಹಿಂದ್ ಹಿಂದಕ್ಕ ಓಡಿ ಬಂದು ಚುಚ್ತೈತಿ. ಮುಳ್ಳು ಸಡ್ಲ ಇರ್ತಾವಲ್ರೀ, ಚುಚ್ಚಿದ್ದು ಅಲ್ಲೇ ಉಳೀತಾವ.’ ಚಿರತೆಯಂಥ ಪ್ರಾಣಿಯೂ ಇದರ ಮುಳ್ಳು ಮುಖಕ್ಕೆ, ಪಾದಕ್ಕೆ ನೆಟ್ಟು ಬೇಟೆಯಾಡಲಾಗದೆ ಸಾಯುವುದುಂಟು. ಮುಳ್ಳು ಅನ್ನುವುದು ಗಟ್ಟಿಯಾದ ಕೂದಲೇ. ಉದುರಿದರೆ ಮತ್ತೆ ಹುಟ್ಟುತ್ತದೆ.

ಊಟದ ಹೊತ್ತಿಗೆ ಒಂದು ಸರಕಾರಿ ಶಾಲೆಯ ಮಕ್ಕಳು ಟೆಂಪೋದಲ್ಲಿ ಬಂದಿಳಿದರು. ಇಬ್ಬಿಬ್ಬರು ಕೈ ಹಿಡಿದುಕೊಂಡು ಸಾಲಾಗಿ ನಡೆದರು. ಮಾಸ್ತರರು ಕರಡಿ ಮುಂದೆ ನಿಲ್ಲಿಸಿ ಅದರ ಉಗುರು ತೋರಿಸುತ್ತಿದ್ದರು. ಮೈಸೂರಿಗೆ ಪ್ರವಾಸ ಹೋಗಲು ಈ ಮಕ್ಕಳ ಮನೆಯಲ್ಲಿ ದುಡ್ಡು ಹೊಂದಿಸುವುದು ಕಷ್ಟ. ಇಲ್ಲಿಗಾದರೆ ಬುತ್ತಿ ಕಟ್ಟಿಕೊಂಡು ಬಂದು ಸಂಜೆ ಮನೆ ಸೇರಬಹುದು. ಸಣ್ಣ ಝೂಗಳನ್ನು ಮುಚ್ಚಿ ಎಲ್ಲವನ್ನೂ ದೊಡ್ಡ ಕಡೆಗೆ ಸಾಗಿಸಿದರೆ ನಿರ್ವಹಣೆ ಸುಲಭ ಅಂತ ಕೆಲವರು ವಾದಿಸುತ್ತಾರೆ. ಆ ವಾದ ಮಾಡುವವರು ಒಮ್ಮೆ ಈ ಸಾಲನ್ನು ನೋಡಬೇಕು. ಪ್ರಾಣಿಗೆ ಜಾಗ, ನೀರು, ವೈದ್ಯರು ಸರಿಯಾಗಿ ಇರಲೇಬೇಕು. ಅದರಲ್ಲಿ ರಾಜಿ ಬೇಡ. ಅದಷ್ಟೂ ಇದ್ದರೆ ಊರಿಗೊಂದು ಸಣ್ಣ ಝೂ ಬೇಕೇ ಬೇಕು ಅನ್ನುವವಳು ನಾನು.

ರಾತ್ರಿ ಗದಗದಲ್ಲೇ ಉಳಿದೆವು. ಸಂಜೆ ಗಿರ್ಮಿಟ್ ಮತ್ತು ಮಿರ್ಚಿ, ಆಮೇಲೆ ವೀರನಾರಾಯಣ ಗುಡಿ.

ಎರಡನೇ ದಿನ: ಮಾಗಡಿ ಕೆರೆ, ಕಪ್ಪತಗುಡ್ಡ

ಬೆಳಗ್ಗೆ ಆರಕ್ಕೇ ಹೊರಟೆವು. ಮಾಗಡಿ ಶಿರಹಟ್ಟಿ ತಾಲ್ಲೂಕಿನ ಹಳ್ಳಿ, ಗದಗದಿಂದ ಇಪ್ಪತ್ತಾರು ಕಿಲೋಮೀಟರ್. ಬೆಂಗಳೂರಿನ ಪಕ್ಕದ ಮಾಗಡಿ ಬೇರೆ. ಇಲ್ಲಿನ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ನಾವು ಮುಟ್ಟುವಾಗ ಮಂಜು ಇನ್ನೂ ನೀರಿನ ಮೇಲೇ ಇತ್ತು. ಕೆರೆಯಲ್ಲಿ ಹಕ್ಕಿಗಳು ಕಡಿಮೆ. ಮಗಳ ಮುಖ ಬಾಡಿತು. ಏರಿಯ ಮೇಲೆ ಕೂತಿದ್ದ ಊರ ಹಿರಿಯರೊಬ್ಬರು ‘ತಡೀರಿ, ಮೇಯಾಕ ಹೋಗ್ಯಾವ, ಬರ್ತಾವ’ ಅಂದರು. ಇವು ನೀರಿನಲ್ಲಿ ಈಜುತ್ತವೆ, ಆದರೆ ಮೀನು ಹಿಡಿಯುವ ಹಕ್ಕಿಗಳಲ್ಲ. ಹುಲ್ಲು, ಕಾಳು ತಿನ್ನುತ್ತವೆ. ಹೊತ್ತು ಮುಳುಗಿದ ಮೇಲೆ ಸುತ್ತಲಿನ ಕಡಲೆ, ಶೇಂಗಾ ಹೊಲಗಳಿಗೆ ಹೋಗಿ ಮೇಯ್ದು, ಬೆಳಗಾದ ಮೇಲೆ ಕೆರೆಗೆ ಮರಳಿ ಹಗಲೆಲ್ಲ ವಿಶ್ರಾಂತಿ ತೆಗೆದುಕೊಳ್ಳುತ್ತವೆ.

ಬಿಸಿಲು ಸ್ವಲ್ಪ ಏರುತ್ತಿದ್ದಂತೆ ಪೂರ್ವದಿಂದ ಆಂಗ್ ಆಂಗ್ ಅಂತ ಸದ್ದು ಕೇಳಿತು. ಒಂದು ಓರೆ ಸಾಲು, ಅದರ ಹಿಂದೆ ಇನ್ನೊಂದು, ಆಮೇಲೆ ಎಣಿಸಲಾಗದಷ್ಟು. ನೀರಿನ ಹತ್ತಿರ ಬಂದಂತೆ ಸಾಲು ಮುರಿದು, ಕೆಲವು ಒಂದು ಪಕ್ಕಕ್ಕೆ ವಾಲಿ ಜಾರಿದಂತೆ ಇಳಿದವು. ದುರ್ಬೀನು ಹಿಡಿದರೆ ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ ಸ್ಪಷ್ಟ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡುವ ಹಕ್ಕಿಗಳು ಇವು. ಹಿಮಾಲಯ ದಾಟಿ ಬರುತ್ತವೆ. ಏಳು ಸಾವಿರ ಮೀಟರ್‌ಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ಮೇಲೆ ಗಾಳಿಯಲ್ಲಿ ಆಮ್ಲಜನಕ ಬಹಳ ಕಡಿಮೆ. ಸಿಕ್ಕಷ್ಟನ್ನೇ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವ ರಕ್ತ ಇವುಗಳದ್ದು.

‘ಬೆಳಿ ಹಾಳ ಮಾಡೂದಿಲ್ಲೇನ್ರೀ ಅಜ್ಜಾರ?’ ಅಂತ ತಮ್ಮ ಕೇಳಿದ.

‘ಮಾಡ್ತಾವ. ಆದ್ರ ದೂರದಿಂದ ಬಂದ ಬೀಗರಲ್ಲೇನ್ರೀ? ನಾಕ ದಿನ ಉಂಡು ಹೋಗ್ತಾವ.’

ಹೀಗೆ ಹೇಳುವ ಊರಿಗೆ ಪರಿಹಾರದ ದುಡ್ಡು ಹೊತ್ತಿಗೆ ಸರಿಯಾಗಿ ಸಿಗಬೇಕು. ಹಕ್ಕಿ ಉಳಿದಿರುವುದು ಇವರ ಸಹನೆಯ ಮೇಲೆ. ಪಟ್ಟಿಗೆ ಸೇರಿದ ಹೆಮ್ಮೆಯೊಂದರಿಂದಲೇ ಯಾರ ಮನೆಯ ಖರ್ಚೂ ನಡೆಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಪ್ಪತಗುಡ್ಡದ ಕಡೆ ತಿರುಗಿದೆವು. ಬಯಲಿನ ನಡುವೆ ಉದ್ದಕ್ಕೆ ಎದ್ದು ನಿಂತ ಗುಡ್ಡಗಳ ಸಾಲು ಇದು. ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಔಷಧಿ ಗಿಡಗಳಿಗೆ ಹೆಸರಾದ ಜಾಗ. ಇದರ ಹೊಟ್ಟೆಯಲ್ಲಿ ಚಿನ್ನವೂ ಇದೆ, ಕಬ್ಬಿಣವೂ ಇದೆ. ಅಗೆಯಬೇಕು ಅನ್ನುವವರಿಗೂ ಬಿಡುವುದಿಲ್ಲ ಅನ್ನುವವರಿಗೂ ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಊರವರು, ಮಠದವರು, ಪರಿಸರದವರು ಒಟ್ಟಾಗಿ ನಿಂತರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆಯಿತು. ಕತ್ತೆಕಿರುಬ, ತೋಳ, ಚಿರತೆ, ಕೊಂಡುಕುರಿ, ಮುಳ್ಳಹಂದಿ ಇಲ್ಲಿವೆ. ನಿನ್ನೆ ಝೂದಲ್ಲಿ ನೋಡಿದವರಲ್ಲಿ ಕೆಲವರ ಬಳಗ ಅನ್ನಬಹುದು.

ಕಾಡಿನ ಒಳಗೆ ನುಗ್ಗುವಂತಿಲ್ಲ, ನುಗ್ಗಲೂಬಾರದು. ಕಪ್ಪತ ಮಲ್ಲಯ್ಯನ ಗುಡಿಯ ದಾರಿಯಲ್ಲಿ ಹೋದೆವು. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ದಾರಿ ಬದಿಯಲ್ಲಿ ಮಗಳಿಗೆ ಒಂದು ಮುಳ್ಳು ಸಿಕ್ಕಿತು. ಗೇಣುದ್ದ, ಕಪ್ಪು ಬಿಳುಪು ಪಟ್ಟೆ. ನೋಡಿದ ಕೂಡಲೇ ‘ಮುಳ್ಳಹಂದಿ!’ ಅಂತ ಕೂಗಿದಳು. ಹಿಂದಿನ ದಿನ ಬಿಂಕದಕಟ್ಟಿಯಲ್ಲಿ ಅಷ್ಟು ಹೊತ್ತು ನಿಲ್ಲದಿದ್ದರೆ ಅವಳ ಕಣ್ಣಿಗೆ ಅದು ಕಡ್ಡಿಯಾಗಿಯೇ ಉಳಿಯುತ್ತಿತ್ತು. ಮನೆಗೆ ಒಯ್ಯುತ್ತೇನೆ ಅಂದಳು. ಕಾಡಿನದು ಕಾಡಿನಲ್ಲೇ ಇರಬೇಕು, ಕಾನೂನೂ ಹಾಗೇ ಇದೆ ಅಂತ ಹೇಳಿದೆ. ಅಂಗೈ ಮೇಲಿಟ್ಟುಕೊಂಡು ತುದಿ ಮುಟ್ಟಿ ನೋಡಿ, ಎತ್ತಿದ ಜಾಗದಲ್ಲೇ ಇಟ್ಟಳು. ಸ್ವಲ್ಪ ಮುಂದೆ ಸುಣ್ಣದಷ್ಟು ಬೆಳ್ಳಗಿನ ಒಣ ಹಿಕ್ಕೆ ಬಿದ್ದಿತ್ತು. ಕತ್ತೆಕಿರುಬದ್ದಿರಬೇಕು. ಎಲುಬನ್ನೂ ಜಗಿದು ಅರಗಿಸುವ ಪ್ರಾಣಿಯಾದ್ದರಿಂದ ಅದರ ಹಿಕ್ಕೆ ಒಣಗಿದ ಮೇಲೆ ಬೆಳ್ಳಗಾಗುತ್ತದೆ.

ಇಳಿಯುವಾಗ ಗುಡ್ಡದ ಬುಡದಲ್ಲಿ ಕುರಿ ಹಿಂಡು ಸಿಕ್ಕಿತು. ಕುರಿಗಾಹಿಯ ಹೆಗಲ ಮೇಲೆ ಕಂಬಳಿ, ಪಕ್ಕದಲ್ಲಿ ಎರಡು ನಾಯಿ. ತೋಳ ಬರುತ್ತದಾ ಅಂತ ಕೇಳಿದೆ. ‘ಬರ್ತಾವ್ರೀ ಅಕ್ಕಾರ. ವರ್ಷಕ್ಕ ಒಂದೆರಡು ಮರಿ ಅದರ ಪಾಲು. ನಾವು ಹುಷಾರಿದ್ರ ಅದು ಏನ್ ಮಾಡ್ತೈತಿ?’ ಅಂದರು. ತೋಳ ದಟ್ಟ ಕಾಡಿನ ಪ್ರಾಣಿಯಲ್ಲ. ಹುಲ್ಲುಗಾವಲು, ಕುರುಚಲು, ಹೊಲದ ಬದು ಇದರ ಸೀಮೆ. ಕಾಗದದ ಮೇಲೆ ಅದನ್ನೆಲ್ಲ ‘ಪಾಳು ಭೂಮಿ’ ಅಂತ ಬರೆದು ಬಿಡುತ್ತಾರೆ, ಆಮೇಲೆ ಯಾವುದಕ್ಕೆ ಬೇಕಾದರೂ ಕೊಡುತ್ತಾರೆ. ಇಲ್ಲಿಂದ ಪೂರ್ವಕ್ಕೆ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಎಕರೆ ಜಾಗವನ್ನು ತೋಳಗಳಿಗೆಂದೇ ಅಭಯಾರಣ್ಯ ಮಾಡಿದ್ದಾರೆ. ದೇಶದಲ್ಲಿ ಇದಕ್ಕೂ ಮುಂಚೆ ಇದ್ದ ತೋಳಧಾಮ ಜಾರ್ಖಂಡ್‌ನ ಮಹುವಾದಾಂಡ್, ಅದು 1976ರದ್ದು. ಹುಲಿಗೆ ಸಿಕ್ಕ ಮರ್ಯಾದೆ ತೋಳಕ್ಕೆ ಸಿಗಲು ಇಷ್ಟು ವರ್ಷ ಬೇಕಾಯಿತು.

ಡಂಬಳದ ದೊಡ್ಡಬಸಪ್ಪ ಗುಡಿ ನೋಡಿಕೊಂಡು ಗದಗಕ್ಕೆ ಮರಳಿದೆವು.

ಮೂರನೇ ದಿನ: ಕಮಲಾಪುರ, ದರೋಜಿ

ಲಕ್ಕುಂಡಿ, ಕೊಪ್ಪಳ ದಾಟಿ ಹೊಸಪೇಟೆ. ಅಲ್ಲಿಂದ ಕಮಲಾಪುರ ಹತ್ತಿರ. ಇಲ್ಲಿ ಬಿಳಿಕಲ್ ಕಾಡಿನಲ್ಲಿ 2017ರಲ್ಲಿ ತೆರೆದ ಅಟಲ್ ಬಿಹಾರಿ ವಾಜಪೇಯಿ ಝೂ ಇದೆ. ಬಳ್ಳಾರಿ ಊರೊಳಗಿದ್ದ ಹಳೆಯ ಕಿರು ಝೂದ ಪ್ರಾಣಿಗಳು ಇಲ್ಲಿಗೆ ಬಂದವು. ಬಸ್ಸಿನಲ್ಲಿ ಕೂರಿಸಿ ಸಫಾರಿ ಮಾಡಿಸುತ್ತಾರೆ. ಹುಲಿ, ಸಿಂಹ ಕಂಡವು, ಜನ ಖುಷಿಯಾದರು. ಜಾಗ ವಿಶಾಲವಾಗಿದೆ, ಪ್ರಾಣಿಗೆ ಒಳ್ಳೆಯದೇ. ಆದರೆ ಬಸ್ಸು ನಿಂತಷ್ಟು ಹೊತ್ತು ಮಾತ್ರ ನೋಡುವುದು. ಮಗಳು ‘ಬಿಂಕದಕಟ್ಟಿಯೊಳಗಿನ ಥರ ನಿಲ್ಲಾಕ ಬಿಡೂದಿಲ್ಲೇನು?’ ಅಂತ ಕೇಳಿದಳು.

ಮಧ್ಯಾಹ್ನ ಎರಡರ ಮೇಲೆ ದರೋಜಿ. 1994ರಲ್ಲಿ ಘೋಷಣೆಯಾದ ಕರಡಿಧಾಮ, 82.72 ಚದರ ಕಿಲೋಮೀಟರ್. ಬಂಡೆಗಳ ರಾಶಿಯೇ ಗುಡ್ಡವಾಗಿರುವ ಸೀಮೆ. ಬಂಡೆ ಸಂದುಗಳ ಗವಿಗಳಲ್ಲಿ ಕರಡಿಗಳು ಹಗಲು ಕಳೆಯುತ್ತವೆ. ಗೇಟಿನಿಂದ ಒಳಗೆ ಹೋಗಿ ವೀಕ್ಷಣಾ ಗೋಪುರ ಹತ್ತಿ ಕೂತರೆ ಎದುರಿಗೆ ಕರಡಿಕಲ್ಲು ಗುಡ್ಡ. ಅರಣ್ಯ ಇಲಾಖೆಯವರು ಅಲ್ಲಿನ ಬಂಡೆಗೆ ಬೆಲ್ಲದ ಪಾಕ ಬಳಿದಿರುತ್ತಾರೆ. ದುರ್ಬೀನು ಇಲ್ಲದೆ ಬರಬೇಡಿ, ಬರಿಗಣ್ಣಿಗೆ ಕಪ್ಪು ಚುಕ್ಕೆ ಮಾತ್ರ ಕಾಣುತ್ತದೆ.

ಮೊದಲು ಬಂದದ್ದು ಮುಂಗುಸಿ. ಆಮೇಲೆ ನವಿಲು. ಬಂಡೆ ಪಕ್ಕದಲ್ಲಿ ಒಂದು ಜೋಡಿ ಚುಕ್ಕೆ ಚುಕ್ಕೆಯ ಕಾಡುಕೋಳಿ. ಬಹಳ ಹೊತ್ತು ಕಾದೆವು. ಗೋಪುರದ ಮೇಲೆ ಬೇರೆಯವರೂ ಇದ್ದರು, ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಬಿಸಿಲು ಇಳಿಮುಖವಾದಾಗ ತಮ್ಮ ನನ್ನ ಮೊಣಕೈ ತಿವಿದು ‘ಅಕ್ಕಾ, ಎಡಕ್ಕ ನೋಡು’ ಅಂದ. ಎರಡು ಬಂಡೆಗಳ ನಡುವಿನಿಂದ ತಾಯಿ ಕರಡಿ ಇಳಿಯುತ್ತಿತ್ತು. ಹಿಂದೆ ಅರ್ಧ ಬೆಳೆದ ಮರಿ.

ತಾಯಿ ಬಂಡೆಯನ್ನು ಅಪ್ಪಿಕೊಂಡಂತೆ ನಿಂತು ನೆಕ್ಕತೊಡಗಿತು. ಎದೆಯ ಮೇಲಿನ ಬಿಳಿ ಗುರುತು ಕಂಡಿತು. ಮುಂಗಾಲಿನ ಉಗುರು ಬೆರಳಿನಷ್ಟು ಉದ್ದ. ಹುತ್ತ ಬಗೆಯಲು ಬೇಕಾದ ಹತ್ಯಾರ ಅದು. ಈ ಕರಡಿಗೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದ ಗೆದ್ದಲನ್ನು ಎಳೆದುಕೊಳ್ಳುತ್ತದೆ. ಮಣ್ಣು ಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳಲೂ ಅದಕ್ಕೆ ಬರುತ್ತದೆ. ಮರಿ ತಾಯಿಯ ಪಕ್ಕಕ್ಕೆ ತೂರಿ ಬೆಲ್ಲ ಜಾರಿದ ಕೆಳಗಿನ ಜಾಗ ನೆಕ್ಕಿತು. ತಾಯಿ ಒಮ್ಮೆ ಗುರ್ ಅಂದದ್ದಕ್ಕೆ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಬಂತು.

ಅವ್ವ ಸುಮ್ಮನೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದಳು: ‘ಸಣ್ಣಕಿದ್ದಾಗ ಕರಡಿ ಕುಣಸಾವ್ರು ಊರಿಗೆ ಬರ್ತಿದ್ರು. ಅಂಜಿಕಿ ಹೋಗ್ಲಿ ಅಂತ ನನ್ನ ಅದರ ಬೆನ್ನ ಮ್ಯಾಲೆ ಕುಂದ್ರಿಸಿದ್ರು. ಮೂಗಿನೊಳಗ ಹಗ್ಗ ಇತ್ತು. ರಕ್ತ ಬರ್ತಿತ್ತು.’

ಮರಿಯಾಗಿದ್ದಾಗಲೇ ಹಿಡಿದು, ಮೂತಿಗೆ ತೂತು ಮಾಡಿ, ಹಲ್ಲು ಕಿತ್ತು ಕುಣಿಸುತ್ತಿದ್ದ ಕಾಲ ಅದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಬೀದಿಯಲ್ಲಿ ಅದು ಬಹಳ ವರ್ಷ ನಡೆಯಿತು. ಆ ಕರಡಿಗಳನ್ನು ಬಿಡಿಸಿ, ಕುಣಿಸುತ್ತಿದ್ದ ಕುಟುಂಬಗಳಿಗೆ ಬೇರೆ ಉದ್ಯೋಗ ತೋರಿಸುವ ಕೆಲಸ ನಡೆದು, 2009ರಲ್ಲಿ ಕೊನೆಯ ಕುಣಿಯುವ ಕರಡಿಯೂ ಬನ್ನೇರುಘಟ್ಟದ ಕರಡಿ ಕೇಂದ್ರ ಸೇರಿತು. ಮೂಗುದಾರ ಕಂಡ ಪ್ರಾಣಿಯನ್ನು ಕಾಡಿಗೆ ಬಿಡಲು ಆಗುವುದಿಲ್ಲ. ಅವುಗಳಿಗೆ ಸಾಯುವ ತನಕ ಯಾರಾದರೂ ಅನ್ನ ಹಾಕಲೇಬೇಕು. ಪ್ರಾಣಿ ಕೇಂದ್ರಗಳನ್ನು ಬೈಯುವ ಮುಂಚೆ ಇದನ್ನೂ ಯೋಚಿಸಬೇಕು ಅಂತ ನನಗೆ ಅನ್ನಿಸುತ್ತದೆ.

ಬೆಲ್ಲ ಬಳಿಯುವುದು ಸರಿಯೋ ತಪ್ಪೋ ಅಂತ ರಾತ್ರಿ ಊಟದ ಹೊತ್ತಿಗೆ ತಮ್ಮನಿಗೂ ನನಗೂ ಚರ್ಚೆಯಾಯಿತು. ಕಾಡಿನ ಕರಡಿಗೆ ಮನುಷ್ಯರ ರುಚಿ ಹಚ್ಚಬಾರದು ಅಂದ ಅವನು. ಅವನ ಮಾತಿನಲ್ಲಿ ತಥ್ಯ ಇದೆ. ಕರಡಿ ಊರ ಕಬ್ಬಿನ ಗದ್ದೆ, ಮೆಕ್ಕೆಜೋಳದ ಹೊಲಕ್ಕೆ ಇಳಿದು ಜನರ ಮೇಲೆ ಬೀಳುವುದು ಈ ಭಾಗದಲ್ಲಿ ಹೊಸದಲ್ಲ. ನನ್ನ ಮಟ್ಟಿಗೆ, ಬೆಲ್ಲಕ್ಕಿಂತ ಕಾರೆ, ಬಾರೆ, ನೇರಳೆ ಹಣ್ಣಿನ ಗಿಡಗಳನ್ನು ಒಳಗೆ ಹೆಚ್ಚಿಸುವುದು ಒಳ್ಳೆಯದು, ಕರಡಿ ಕಾಣದೆ ಒಂದಿಷ್ಟು ಜನ ನಿರಾಶರಾಗಿ ಹೋದರೂ ಚಿಂತೆ ಇಲ್ಲ. ಅವ್ವ ಮಾತ್ರ ಇಬ್ಬರನ್ನೂ ಒಪ್ಪಲಿಲ್ಲ. ‘ಹಗ್ಗ ಇಲ್ದ ಕರಡಿ ನೋಡಿದೆ, ನನಗ ಅಷ್ಟ ಸಾಕು’ ಅಂದಳು.

ನಾಲ್ಕನೇ ದಿನ: ಮರಳುವ ದಾರಿ

ತುಂಗಭದ್ರಾ ಅಣೆಕಟ್ಟು ನೋಡಿ, ಕೊಪ್ಪಳದಲ್ಲಿ ಒಗ್ಗರಣಿ ಮಿರ್ಚಿ ತಿಂದು ಹುಬ್ಬಳ್ಳಿ ದಾರಿ ಹಿಡಿದೆವು. ಕಾರಿನಲ್ಲಿ ಪ್ರಾಣಿ ದತ್ತು ವಿಷಯ ಬಂತು. ನಮ್ಮ ರಾಜ್ಯದ ಝೂಗಳಲ್ಲಿ ವರ್ಷಕ್ಕೆ ಇಂತಿಷ್ಟು ಅಂತ ಕೊಟ್ಟು ಒಂದು ಪ್ರಾಣಿಯ ಆಹಾರದ ಖರ್ಚು ವಹಿಸಿಕೊಳ್ಳಬಹುದು. ಹುಲಿ, ಆನೆಗೆ ದೊಡ್ಡ ಮೊತ್ತ. ಹಕ್ಕಿ, ಸಣ್ಣ ಪ್ರಾಣಿಗಳದ್ದು ನಮ್ಮಂಥವರ ಕೈಗೂ ಎಟಕುತ್ತದೆ. 2021ರ ಲಾಕ್‌ಡೌನ್‌ನಲ್ಲಿ ಟಿಕೆಟ್ ದುಡ್ಡು ನಿಂತು ಝೂಗಳು ಕಷ್ಟಕ್ಕೆ ಬಿದ್ದಾಗ ಜನ ಹೀಗೇ ಕೈ ಹಿಡಿದರು. ಮೊಬೈಲ್ ಆ್ಯಪ್‌ನಲ್ಲೇ ಝೂ ಆರಿಸಿ, ಪ್ರಾಣಿ ಆರಿಸಿ ದುಡ್ಡು ಕಟ್ಟಬಹುದು. ಹೆಚ್ಚಿನವರು ಮೈಸೂರನ್ನೇ ಆರಿಸುತ್ತಾರೆ. ದಯವಿಟ್ಟು ಗದಗ, ಚಿತ್ರದುರ್ಗ, ದಾವಣಗೆರೆ, ಕಲಬುರ್ಗಿ ಝೂಗಳ ಹೆಸರೂ ನೋಡಿ. ಅಲ್ಲಿಗೆ ಬರುವ ಜನ ಕಡಿಮೆ, ಬರುವ ದುಡ್ಡೂ ಕಡಿಮೆ.

ಯಾವುದು ಬೇಕು ಅಂತ ಮಗಳನ್ನು ಕೇಳಿದೆ. ಹುಲಿ ಅನ್ನುತ್ತಾಳೆ ಅಂದುಕೊಂಡಿದ್ದ ತಮ್ಮ. ಅವಳು ‘ಮುಳ್ಳಹಂದಿ, ಬಿಂಕದಕಟ್ಟಿದು’ ಅಂದಳು. ಅವ್ವ ಎಳ್ಳಮಾಸಿಗೆ ಬಂದ ದುಡ್ಡಿನಲ್ಲಿ ಅರ್ಧ ತಾನು ಕೊಡುತ್ತೇನೆ ಅಂದಳು. ಅಣ್ಣಿಗೇರಿ ಬರುವಷ್ಟರಲ್ಲಿ ದುಡ್ಡು ಕಟ್ಟಿದ್ದಾಯಿತು. ಪ್ರಮಾಣಪತ್ರಕ್ಕೆ ಅಜ್ಜಿ, ಮೊಮ್ಮಗಳು ಇಬ್ಬರ ಹೆಸರೂ ಕೊಟ್ಟಿದ್ದೇವೆ.

ಬಿಂಕದಕಟ್ಟಿಗೆ ಹೋಗುವವರಿಗೆ ಎರಡು ಮಾತು. ಮಂಗಳವಾರ ರಜೆ, ಬೇರೆ ದಿನ ಹೋಗಿ. ಬೆಳಗ್ಗೆ ತೆರೆದ ಕೂಡಲೇ ಹೋದರೆ ಪ್ರಾಣಿಗಳು ಓಡಾಡುತ್ತಿರುತ್ತವೆ. ಮತ್ತೆ, ಚಿಗರಿ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ.